ಹೇಳಿಕೆಯ ಬೋಜಣ್ಣ

ಮೊನ್ನೆ ಅಂಚೆಯವ ಒಂದು ಮದುವೆ ಕಾಗದ ತಂದು ಜಗಲಿಯಲ್ಲಿ ಹಾಕಿ ಹೋದ. ದಪ್ಪ ಕಾಗದ, ಚಿನ್ನದ ಅಕ್ಷರ, ನಾಲ್ಕು ಮೂಲೆಗೆ ಅರಸಿನ. ನಾನು ಓದಿ ಅಲ್ಲೇ ಬಿಟ್ಟೆ. ಹೋಗ್ಲಿಕ್ಕಿಲ್ವಾ ಅಂತ ನನ್ನ ಹೆಂಡತಿ ವಿನಿಫ್ರೆಡ್ ಕೇಳಿದಳು. ಇಲ್ಲ ಅಂದೆ. ಅಂಚೆಯಲ್ಲಿ ಬಂದ ಕಾಗದಕ್ಕೆ ಈ ಗ್ರೆಗರಿ ಯಾರ ಮದುವೆಗೂ ಹೋಗುವುದಿಲ್ಲ. ಮನೆ ಬಾಗಿಲಿಗೆ ಬಂದು, ಒಂದು ಲೋಟ ನೀರು ಕುಡಿದು, ಬರಬೇಕು ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಪುರುಸೊತ್ತಿಲ್ಲದವರ ಊಟ ನನಗೆ ಯಾಕೆ ಮಾರಾಯ್ರೆ?

ವಿನಿಫ್ರೆಡ್ ಸುಮ್ಮನಿರುವ ಜಾತಿಯಲ್ಲ. ಇಂಥ ಕಾಗದ ಸಾವಿರಗಟ್ಟಲೆ ಅಚ್ಚು ಹಾಕಿಯೇ ಅಲ್ವಾ ನೀವು ಮಕ್ಕಳನ್ನು ಸಾಕಿದ್ದು ಅಂದಳು. ಅದೂ ಸತ್ಯವೇ. ಬಲ್ಮಠದ ಹತ್ತಿರ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುವವನಾಗಿದ್ದೆ. ಸೀಸದ ಅಕ್ಷರಗಳನ್ನು ಒಂದೊಂದೇ ಹೆಕ್ಕಿ ಸಾಲು ಕಟ್ಟುವ ಕೆಲಸ. ಆ ಸೀಸದ ಮಸಿ ಈಗಲೂ ನನ್ನ ಉಗುರಿನ ಸಂದಿಯಲ್ಲಿ ಉಂಟು. ಆದರೆ ಕಾಗದಕ್ಕೆ ಎಷ್ಟು ಬೆಲೆ, ಕಾಲು ನಡೆದು ಬಂದು ಹೇಳಿದ ಮಾತಿಗೆ ಎಷ್ಟು ಬೆಲೆ ಅಂತ ನಾನು ಕಲಿತದ್ದು ಪ್ರೆಸ್ಸಿನಲ್ಲಿ ಅಲ್ಲ, ಬೇಲಿಯ ಆಚೆಯ ಬೋಜಣ್ಣನಿಂದ.

ಆಗ ನಮ್ಮ ಮನೆ ಇದ್ದದ್ದು ಬೋಳೂರಿನಲ್ಲಿ, ಹೊಳೆಯ ಬದಿ. ಸಾವಿರದ ಒಂಬೈನೂರ ಇಪ್ಪತ್ತನೇ ಇಸವಿಯ ಸುಮಾರಿಗೆ ನಾನು ಮದುವೆಯಾಗಿ ಅಲ್ಲಿಗೆ ಬಂದೆ. ಸುತ್ತಮುತ್ತ ಎಲ್ಲ ತುಳು ಮಾತಾಡುವವರು, ನಾವು ಒಂದೆರಡು ಮನೆ ಕೊಂಕಣಿಯವರು. ಬಂದ ಮಾರನೆಯ ದಿನವೇ ಬೇಲಿಯ ಮೇಲಿಂದ ಒಂದು ಉದ್ದನೆಯ ಮುಖ ಇಣುಕಿ, ಪೊರ್ಬುಗಳೇ, ಬಾವಿ ನೀರು ಬೇಸಿಗೆಗೆ ಉಪ್ಪಾಗ್ತದೆ, ಕುಡೀಲಿಕ್ಕೆ ನಮ್ಮ ಬಾವಿಯಿಂದ ಸೇದಿಕೊಳ್ಳಿ ಅಂದಿತು. ನಮ್ಮ ಕ್ರಿಸ್ತಾನರನ್ನು ಅವರು ಕರೆಯುವುದೇ ಪೊರ್ಬು ಅಂತ. ಆ ಮುಖ ಬೋಜಣ್ಣನದ್ದು. ತೆಳ್ಳಗೆ ಎತ್ತರದ ಜನ, ಮೊಣಕಾಲಿನವರೆಗೆ ಒಂದು ವೇಷ್ಟಿ, ಹೆಗಲಿಗೆ ಬೈರಾಸು ಅಂತ ಒಂದು ಬಿಳಿ ತುಂಡು ಬಟ್ಟೆ. ಕಾಲು ಮಾತ್ರ ನೋಡಬೇಕಿತ್ತು. ನಡೆದು ನಡೆದು ಹಿಮ್ಮಡಿ ಕಲ್ಲಾಗಿತ್ತು.

ಅವರ ಕೆಲಸವೇ ನಡೆಯುವುದು. ಬಯಲುಸೀಮೆಯವರಿಗೆ ಹೇಳಿಕೆ ಅಂದರೆ ಬೇರೆ ಏನೋ ಅರ್ಥ ಇರಬಹುದು, ನಮ್ಮಲ್ಲಿ ಹೇಳಿಕೆ ಅಂದರೆ ಮನೆಗೆ ಬಂದು ಕರೆಯುವುದು. ಬೋಜಣ್ಣನ ಜನರಿಗೆ ಒಂದು ಕೂಡುಕಟ್ಟು ಇತ್ತು. ಹೊಳೆಬದಿಯಲ್ಲಿ ನಲವತ್ತಕ್ಕೂ ಮಿಕ್ಕಿದ ಮನೆ, ಎಲ್ಲರೂ ಒಂದೇ ಕಟ್ಟಿನವರು. ಅದರಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ಸೀಮಂತವಾಗಲಿ, ಸತ್ತವರ ಬೊಜ್ಜವಾಗಲಿ, ಉಳಿದ ಮನೆಗಳಿಗೆ ಹೋಗಿ ಹೇಳುವವರು ಬೋಜಣ್ಣ. ಅವರ ಮೊದಲು ಅವರ ಸೋದರಮಾವ, ಅದಕ್ಕೂ ಮೊದಲು ಮಾವನ ಮಾವ. ಮನೆಯ ಯಜಮಾನ ತಾನೇ ಹೋಗಿ ಕರೆಯುವ ಹಾಗಿಲ್ಲ. ತನ್ನ ಮನೆಯ ಊಟಕ್ಕೆ ತಾನೇ ಬನ್ನಿ ಅಂದರೆ ಅದು ದೊಡ್ಡಸ್ತಿಕೆ ತೋರಿಸಿದ ಹಾಗೆ. ಕರೆಯುವವ ಬೇರೆ ಮನೆಯವನೇ ಆಗಬೇಕು.

ಅವರು ಕರೆಯುವ ಚಂದ ನೋಡಬೇಕಿತ್ತು. ಅಂಗಳಕ್ಕೆ ಬಂದು ಒಂದು ಸಲ ಕೆಮ್ಮುವುದು. ಜಗಲಿಯ ಅಂಚಿನಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಡುವುದು. ಮನೆಯವರು ಬೆಲ್ಲ, ನೀರು ತಂದು ಕೊಡಬೇಕು. ಅದನ್ನು ಕುಡಿದು ತುಳುವಿನಲ್ಲಿ ಹೇಳುತ್ತಿದ್ದರು. ಬರುವ ಆದಿತ್ಯವಾರ ಇಂಥವರ ಮನೆಯಲ್ಲಿ ಮಗಳ ಧಾರೆ ಉಂಟು, ಮನೆಯವರೆಲ್ಲ ಮೊದಲೇ ಬಂದು, ಸುಧಾರಿಸಿಕೊಟ್ಟು, ಊಟ ಮಾಡಿ ಹೋಗಬೇಕು. ಇಷ್ಟೇ. ಒಂದು ಶಬ್ದ ಹೆಚ್ಚಿಲ್ಲ, ಕಡಿಮೆ ಇಲ್ಲ. ಗುಡಿಸಲಾದರೂ ಅದೇ ಮಾತು, ಮಾಳಿಗೆಯಾದರೂ ಅದೇ ಮಾತು.

ಮದುವೆಯ ದಿನ ಹೇಳಿಕೆಯವನಿಗೆ ಚಪ್ಪರದ ಒಳಗೆ ಜಾಗ ಇಲ್ಲ. ತಾನು ಕರೆದವರನ್ನೆಲ್ಲ ಬೇಲಿ ದಾಟಿ ಒಳಗೆ ಬರುವ ತಡಮೆಯ ಹತ್ತಿರ ನಿಂತು ಎದುರುಗೊಳ್ಳಬೇಕು, ಎಲ್ಲರ ಊಟ ಆದ ಮೇಲೆ ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು. ಹಾಗಾಗಿ ಬೋಜಣ್ಣ ಮಾಡಿಸಿದ ಮದುವೆ ನೂರಾರು, ಆದರೆ ಧಾರೆ ಅಂತ ಒಂದನ್ನಾದರೂ ಕಣ್ಣು ತುಂಬ ನೋಡಿದವರಲ್ಲ. ವಾದ್ಯದ ಶಬ್ದ ಕೇಳಿ, ಈಗ ಕೈ ಸೇರಿಸಿದರು ಅಂತ ತಡಮೆಯಲ್ಲೇ ನಿಂತು ಲೆಕ್ಕ ಹಾಕುತ್ತಿದ್ದರಂತೆ.

ಅವರ ಹೆಂಡತಿ ಅಮ್ಮಣಿಯಕ್ಕನಿಗೆ ಒಂದು ಸಿಟ್ಟು. ಬಾವಿಕಟ್ಟೆಯಲ್ಲಿ ವಿನಿಫ್ರೆಡ್ ಸಿಕ್ಕಿದಾಗಲೆಲ್ಲ ಅದೇ ರಗಳೆ. ಊರಿಗೆಲ್ಲ ಹೇಳಿಕೆ ಉಂಟು ಬಾಯಮ್ಮ, ನಮ್ಮ ಮನೆಗೆ ಒಂದು ದಿನ ಯಾರಾದರೂ ಬಂದು ಹೇಳಿದ್ದುಂಟಾ? ಕರೆಯುವವನ ಮನೆಗೆ ಕರೆಯುವವರು ಯಾರು? ನಾನು ಮದುವೆಯಾಗಿ ಬಂದಂದಿನಿಂದ ಎಲ್ಲ ಕಡೆ ಕರೆಯದೇ ಹೋಗಿ ಉಂಡು ಬಂದವಳು. ಆಕೆ ಅದನ್ನು ನಗುತ್ತಾ ಹೇಳುತ್ತಿದ್ದರು, ಆದರೆ ನಗುವಿನ ಒಳಗೆ ಮುಳ್ಳು ಇತ್ತು. ಬೋಜಣ್ಣ ಕೇಳಿದರೂ ಕೇಳದ ಹಾಗೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತುಕೊಳ್ಳುವುದು.

ಈಗ ಸಾಲಿನ ವಿಷಯ ಹೇಳಬೇಕು. ಹೇಳಿಕೆಗೆ ಒಂದು ಸಾಲು ಇತ್ತು. ಮೊದಲ ವೀಳ್ಯ ಊರಿನ ಹಿರಿಯ ಮನೆತನದವರ ಗುತ್ತಿನ ಮನೆಗೆ. ಹೊಳೆಬದಿಯ ಗದ್ದೆಯೆಲ್ಲ ಒಂದು ಕಾಲದಲ್ಲಿ ಆ ಗುತ್ತಿನದ್ದೇ. ಹಂಚಿನ ಕಾರ್ಖಾನೆಗಳಿಗೆ ಮಣ್ಣು ಬೇಕಾಯಿತು, ಜಾಗ ಬೇಕಾಯಿತು, ಗುತ್ತಿನವರು ಒಂದೊಂದೇ ಗದ್ದೆ ಕೊಟ್ಟು ಕೊಟ್ಟು ಕೊನೆಗೆ ಉಳಿದದ್ದು ಒಂದು ಸೋರುವ ಮನೆ, ಅದರಲ್ಲಿ ಚಂಪಕ್ಕ ಅಂತ ಒಬ್ಬ ವಿಧವೆ ಮುದುಕಿ. ತೆಂಗಿನ ಮಡಲು ಹೆಣೆದು ಹೊಟ್ಟೆ ಹೊರೆಯುತ್ತಿದ್ದವರು. ಆದರೂ ಮೊದಲ ವೀಳ್ಯ ಅವರ ಜಗಲಿಗೇ. ಬೋಜಣ್ಣ ಕೆಮ್ಮಿದ ಕೂಡಲೇ ಆಕೆ ಸೆರಗು ಸರಿ ಮಾಡಿಕೊಂಡು, ಮಹಾರಾಣಿಯ ಹಾಗೆ ಎದ್ದು ಬಂದು, ಬೆಲ್ಲ ಇಲ್ಲದಿದ್ದರೆ ಬರೀ ನೀರನ್ನೇ ಕಂಚಿನ ಲೋಟದಲ್ಲಿ ಕೊಡುತ್ತಿದ್ದರು. ಚಪ್ಪರದಲ್ಲಿಯೂ ಹಾಗೆಯೇ. ಧಾರೆ ಎರೆಯುವ ಮೊದಲು, ಹತ್ತು ಸಮಸ್ತರೇ, ಅಪ್ಪಣೆ ಉಂಟಾ, ಅಂತ ಕೂಡಿದ ಜನರನ್ನು ಕೇಳಬೇಕು. ಅಪ್ಪಣೆ ಉಂಟು ಅಂತ ಮೊದಲು ಹೇಳುವ ಬಾಯಿ ಗುತ್ತಿನದ್ದು. ಜನ ಕೂಡದೆ, ಆ ಬಾಯಿ ಅಪ್ಪಣೆ ಕೊಡದೆ ಆದ ಮದುವೆ ಅವರಲ್ಲಿ ಮದುವೆಯೇ ಅಲ್ಲ.

ಕಾರ್ಖಾನೆ ಗದ್ದೆಯನ್ನು ಮಾತ್ರ ತೆಗೆದುಕೊಂಡದ್ದಲ್ಲ, ಹೊತ್ತನ್ನೂ ತೆಗೆದುಕೊಂಡಿತು. ಮೊದಲು ಬೋಜಣ್ಣ ಹಗಲು ಹೊತ್ತಿನಲ್ಲಿ ಯಾವಾಗ ಹೋದರೂ ಮನೆಯಲ್ಲಿ ಜನ. ಆಮೇಲೆ ಬೆಳಿಗ್ಗೆ ಕಾರ್ಖಾನೆ ಕೂಗಿದರೆ ಗಂಡಸರು ಹೆಂಗಸರು ಎಲ್ಲ ಅತ್ತ ಕಡೆ, ಮನೆಯಲ್ಲಿ ನಾಯಿ ಕೋಳಿ ಮಾತ್ರ. ಅಮ್ಮಣಿಯಕ್ಕನೂ ತಲೆಯಲ್ಲಿ ಹಸಿ ಹಂಚು ಹೊರಲಿಕ್ಕೆ ಹೋದರು. ರಜೆ ಇರುವುದು ಆದಿತ್ಯವಾರ ಒಂದೇ, ಹಾಗಾಗಿ ಮದುವೆ ಎಲ್ಲ ಆದಿತ್ಯವಾರಕ್ಕೆ ಬಂತು. ತಮಾಷೆ ಎಂತ ಅಂದರೆ, ಜೋಯಿಸರ ಪಂಚಾಂಗದಲ್ಲಿಯೂ ಒಳ್ಳೆಯ ಮುಹೂರ್ತಗಳು ಆದಿತ್ಯವಾರವೇ ಬೀಳಲಿಕ್ಕೆ ಶುರುವಾಯಿತು. ನಮ್ಮ ಪಾದ್ರಿಗಳು ಎಷ್ಟು ಬಾಯಿ ಬಡಿದುಕೊಂಡರೂ ನಾವು ಪೊರ್ಬುಗಳು ಆದಿತ್ಯವಾರವನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರಲ್ಲ.

ಹಾಗಂತ ಕಾರ್ಖಾನೆಯೇ ಎಲ್ಲರನ್ನೂ ಬಗ್ಗಿಸಿತು ಅಂತ ತಿಳಿಯಬೇಡಿ. ಅದೂ ಸ್ವಲ್ಪ ಬಗ್ಗಿತು. ಕಟ್ಟಿನಲ್ಲಿ ಯಾರಾದರೂ ತೀರಿಕೊಂಡರೆ ಬೋಜಣ್ಣ ಬೈರಾಸನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಕಟ್ಟಿ ಗೇಟಿನ ಎದುರು ಸುಮ್ಮನೆ ನಿಲ್ಲುತ್ತಿದ್ದರು. ಮಾತಿಲ್ಲ. ಸೊಂಟದಲ್ಲಿ ಬೈರಾಸು ಕಂಡರೆ ಸಾಕು, ಹಂಚು ಸುಡುವ ಒಲೆಗೆ ಬೆಂಕಿ ಹಾಕುವವನಿಂದ ಹಿಡಿದು ಎಲ್ಲ ಕೆಲಸ ಬಿಟ್ಟು ಹೊರಗೆ. ಒಂದು ಸಲ ಒಲೆ ಆರಿ ಹಂಚು ಪೂರಾ ಹಾಳಾಯಿತು. ಕಾರ್ಖಾನೆಯ ದೊರೆ ಹಾರಾಡಿದ, ಎಲ್ಲರನ್ನೂ ತೆಗೆದುಹಾಕುತ್ತೇನೆ ಅಂದ. ತೆಗೆದುಹಾಕಿ ಯಾರನ್ನು ತರುವುದು? ಎಲ್ಲ ಒಂದೇ ಕಟ್ಟಿನವರು. ಕಡೆಗೆ, ಬೋಜ ಬಂದರೆ ಮೊದಲು ಆಫೀಸಿಗೆ ತಿಳಿಸಿ, ಒಲೆ ನೋಡ್ಲಿಕ್ಕೆ ಹೊರಗಿನ ನಾಲ್ಕು ಜನ ಇಟ್ಟುಕೊಳ್ಳಿ ಅಂತ ಗೇಟಿನವನಿಗೆ ಅಪ್ಪಣೆಯಾಯಿತು. ಇದನ್ನು ಹೇಳುವಾಗ ಬೋಜಣ್ಣನ ಮುಖದಲ್ಲಿ ಒಂದು ಕಳ್ಳ ನಗೆ ಬರುತ್ತಿತ್ತು.

ಆದರೆ ಅವರ ಹೊಟ್ಟೆಯ ಪಾಡು ಬಿಗಡಾಯಿಸಿತು. ಮೊದಲು ಕೊಯ್ಲಿನ ಹೊತ್ತಿಗೆ ಪ್ರತಿ ಮನೆಯವರೂ ಹೇಳಿಕೆಯವನಿಗೆ ಅಂತ ಅಕ್ಕಿ ಎತ್ತಿಡುತ್ತಿದ್ದರು. ಗದ್ದೆಯೇ ಇಲ್ಲದ ಮೇಲೆ ಅಕ್ಕಿ ಎಲ್ಲಿಂದ? ವಾರದ ಸಂಬಳ ಸಿಕ್ಕಿದವರು ಪ್ರೀತಿಯಿಂದಲೇ ಒಂದು ಪಾವಲಿ ಹಿಡಿದುಕೊಂಡು ಬಂದರು. ಬೋಜಣ್ಣ ಮುಟ್ಟಲಿಲ್ಲ. ಅಕ್ಕಿ ತೆಗೊಂಡರೆ ನಾನು ನಿಮ್ಮವ, ಪೈಸೆ ತೆಗೊಂಡರೆ ನಾನು ಕೂಲಿಯವ ಅಂದರು. ಈ ಜಂಬದಿಂದ ಒಲೆ ಉರಿಯುತ್ತದಾ ಅಂತ ಅಮ್ಮಣಿಯಕ್ಕ ಕೇಳಿದ್ದು ನಮಗೆ ಬೇಲಿಯ ಈಚೆಗೂ ಕೇಳುತ್ತಿತ್ತು. ಆಕೆಯ ಹಂಚಿನ ಕೂಲಿ, ಆಮೇಲೆ ಮಗಳು ನಳಿನಾಕ್ಷಿಯ ಗೇರುಬೀಜದ ಕಾರ್ಖಾನೆಯ ಸಂಬಳ, ಇವೆರಡರಿಂದ ಆ ಮನೆ ನಡೆಯಿತು. ಬೋಜಣ್ಣ ಮರ್ಯಾದೆ ತಂದರು, ಅನ್ನ ತಂದದ್ದು ಹೆಂಗಸರು. ಅದನ್ನು ನಾನು ಅವರ ಎದುರೇ ಹೇಳಿದ್ದೇನೆ, ಅವರು ಇಲ್ಲ ಅನ್ನಲಿಲ್ಲ.

ಅಮ್ಮಣಿಯಕ್ಕನ ಅಣ್ಣ ಚೆನ್ನಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಹಿಂದೆ ಅವನ ಮನೆಯವರು ಗುತ್ತಿನ ಒಕ್ಕಲು, ಹೇಳಿಕೆಯ ಸಾಲಿನಲ್ಲಿ ಕಟ್ಟಕಡೆಯ ಮನೆ. ಈಗ ಅರ್ಧ ಓಣಿಗೆ ಕೆಲಸ ಕೊಡಿಸಿದವನು ಅವನೇ, ಹಂಚು ಹೊದಿಸಿದ ಮನೆ ಕಟ್ಟಿಸಿದವನೂ ಅವನೇ. ಕೆಟ್ಟ ಮನುಷ್ಯ ಅಲ್ಲ. ವ್ಯಾಪಾರ ಬಿದ್ದುಹೋದ ವರ್ಷಗಳಲ್ಲಿ ದೊರೆಯ ಕಾಲು ಹಿಡಿದು ಎಷ್ಟೋ ಮನೆಯ ಒಲೆ ಉರಿಸಿದ್ದಾನೆ. ಆದರೆ ಸೋರುವ ಮನೆಯ ಮುದುಕಿಗೆ ಮೊದಲ ವೀಳ್ಯ, ತನಗೆ ಕೊನೆಯದ್ದು ಅನ್ನುವುದು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಒಮ್ಮೆ ಬೋಜಣ್ಣನ ಹತ್ತಿರ ಬಾಯಿಬಿಟ್ಟು ಕೇಳಿದ, ಸಾಲು ತಿರುಗಿಸಲಿಕ್ಕೆ ಆಗುವುದಿಲ್ವಾ ಅಂತ. ಬೋಜಣ್ಣ ಅಂದರಂತೆ: “ಸಾಲು ನಾನು ಹಾಕಿದ್ದಲ್ಲ ಭಾವ. ನನ್ನ ಕಾಲಿಗೆ ಬೇರೆ ದಾರಿ ಗೊತ್ತಿಲ್ಲ.”

ಮೂವತ್ತೆಂಟರ ಮೇ ತಿಂಗಳಿಗೆ ನಳಿನಾಕ್ಷಿಯ ಮದುವೆ ನಿಶ್ಚಯವಾಯಿತು. ಹುಡುಗ ಉಳ್ಳಾಲದವನು, ಒಳ್ಳೆಯ ಮನೆ. ಬೋಜಣ್ಣನಿಗೆ ಒಬ್ಬಳೇ ಮಗಳು. ತನ್ನ ಆಯುಷ್ಯದಲ್ಲಿ ಒಂದು ಧಾರೆಯನ್ನಾದರೂ ಒಳಗೆ ನಿಂತು ನೋಡುವ, ತಾನೇ ಗಿಂಡಿ ಹಿಡಿದು ಎರೆಯುವ ಭಾಗ್ಯ ಬಂತಲ್ಲ ಅಂತ ಅವರು ಆ ವರ್ಷ ಪೂರ್ತಿ ಅದೇ ಮಾತಾಡಿದರು. ಬೆಳಿಗ್ಗೆ ಬಾವಿಯಿಂದ ನೀರು ಸೇದುವಾಗಲೂ ಗಿಂಡಿ ಹೇಗೆ ಹಿಡಿಯಬೇಕು ಅಂತ ನನಗೆ ತೋರಿಸುವುದು. ಕೈ ನಡುಗಿದರೆ ಹಾಲು ಹೊರಗೆ ಬೀಳ್ತದೆ ಪೊರ್ಬುಗಳೇ ಅಂತ ಹೆದರಿಕೆ ಬೇರೆ.

ಆದರೆ ಹೇಳಿಕೆ ಹೇಳುವವರು ಯಾರು? ಸ್ವಂತ ಮನೆಯದ್ದಕ್ಕೆ ಅವರು ಹೋಗುವ ಹಾಗಿಲ್ಲ. ಹಿಂದೆಲ್ಲ ಇಂಥ ಹೊತ್ತಿಗೆ ಹೊಳೆಯಾಚೆ ಬೆಂಗ್ರೆಯ ಹೇಳಿಕೆಯವರು ದೋಣಿಯಲ್ಲಿ ದಾಟಿ ಬರುತ್ತಿದ್ದರಂತೆ. ಅವರು ಸತ್ತು, ಅವರ ಅಳಿಯಂದಿರು ಕಾರ್ಖಾನೆ ಸೇರಿ, ಆ ಕೆಲಸವೇ ಅಲ್ಲಿ ನಿಂತುಹೋಗಿತ್ತು. ಇಲ್ಲಿಯ ಹುಡುಗರಿಗೆ ಸಾಲೂ ಗೊತ್ತಿಲ್ಲ, ಮಾತೂ ಗೊತ್ತಿಲ್ಲ. ಬೋಜಣ್ಣ ತಲೆಗೆ ಕೈಕೊಟ್ಟು ಕೂತಿದ್ದಾಗ ಚೆನ್ನಪ್ಪ ಮೇಸ್ತ್ರಿ ಬಂದು, ಖರ್ಚು ನನ್ನದು, ಕಾಗದ ಅಚ್ಚು ಹಾಕಿಸುವ ಅಂದ. ಪಟ್ಟಣದ ದೊಡ್ಡವರೆಲ್ಲ ಈಗ ಕಾಗದವೇ ಕೊಡುವುದು. ಎಲ್ಲರಿಗೂ ಒಂದೇ ದಿನ ಅಂಚೆಯಲ್ಲಿ ಹೋಗ್ತದೆ, ಮೊದಲು ಯಾರು ಕೊನೆಗೆ ಯಾರು ಅನ್ನುವ ರಗಳೆಯೇ ಇಲ್ಲ. ಅವನ ಲೆಕ್ಕ ಎಲ್ಲಿಗೆ ಅಂತ ಬೋಜಣ್ಣನಿಗೆ ಗೊತ್ತಾಗದೆ ಇಲ್ಲ. ಆದರೆ ಊಟದ ಖರ್ಚೂ ಅವನದ್ದೇ.

ಕಾಗದದ ಮೊಳೆ ಜೋಡಿಸಿದ್ದು ನಾನೇ. ಕೆಳಗೆ ನಿಮ್ಮ ಆಗಮನವನ್ನು ಬಯಸುವ ಚೆನ್ನಪ್ಪ ಮೇಸ್ತ್ರಿ ಅಂತ ವಧುವಿನ ಹೆಸರಿಗಿಂತ ಒಂದು ಅಳತೆ ದೊಡ್ಡ ಮೊಳೆಯಲ್ಲಿ ಹಾಕಿಸಿದ ಪುಣ್ಯಾತ್ಮ. ಅಚ್ಚಿನ ಮೊದಲ ಪ್ರತಿಯನ್ನು ನಾನು ಮನೆಗೆ ತಂದು ತೋರಿಸಿದೆ. ನಳಿನಾಕ್ಷಿ ಮಿಶನ್ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು. ಗೇರುಬೀಜದ ಎಣ್ಣೆಯಿಂದ ಕಪ್ಪಾದ ಬೆರಳನ್ನು ಸೆರಗಿಗೆ ಒರಸಿಕೊಂಡು ತನ್ನ ಹೆಸರನ್ನು ಮುಟ್ಟಿ ನೋಡಿದಳು. “ನನ್ನ ಹೆಸರು ಇಷ್ಟು ಚಂದ ಉಂಟಾ ಪೊರ್ಬುಗಳೇ?” ಅಂದಳು. ಅದನ್ನು ನೋಡಿದ ಮೇಲೆ ಬೋಜಣ್ಣ ಬೇಡ ಅನ್ನಲಿಲ್ಲ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಜಗಲಿಯಲ್ಲಿ ಕೂತು ನೀರು ಕುಡೀತದಾ ಅಂತ ಮಾತ್ರ ನನ್ನನ್ನು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ.

ಅಂಚೆಯವ ಮನೆಮನೆಗೆ ಕಾಗದ ಹಾಕಿದ. ಮದುವೆಯ ದಿನ ನಾನೂ ವಿನಿಫ್ರೆಡೂ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಚಪ್ಪರಕ್ಕೆ ಹೋದೆವು. ಮಡಲಿನ ಚಪ್ಪರ, ಬಾಳೆಕಂದು, ಮಾವಿನೆಲೆ, ಹಿತ್ತಿಲಲ್ಲಿ ದೊಡ್ಡ ಹಂಡೆಯಲ್ಲಿ ಅನ್ನ ಬೇಯುತ್ತಾ ಉಂಟು. ಬೋಜಣ್ಣ ಜೀವಮಾನದಲ್ಲಿ ಮೊದಲ ಸಲ ಜರಿಯ ಶಾಲು ಹೊದ್ದು, ಗಿಂಡಿಯನ್ನು ಉಜ್ಜಿ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದರು. ಉಳ್ಳಾಲದಿಂದ ದಿಬ್ಬಣವೂ ಬಂತು. ಆದರೆ ನಮ್ಮ ಕಡೆಯ ಚಾಪೆ ಎಲ್ಲ ಖಾಲಿ. ಕಾಗದ ನೋಡಿ ಬಂದವರು ನಾವಿಬ್ಬರು ಪೊರ್ಬುಗಳೇ, ನಮ್ಮನ್ನು ಹತ್ತು ಸಮಸ್ತರಲ್ಲಿ ಲೆಕ್ಕ ಹಿಡಿಯುವ ಹಾಗೂ ಇಲ್ಲ.

ಹೊತ್ತು ಏರಿತು. ಉಳ್ಳಾಲದ ಹಿರಿಯರು ಮೊದಲು ಪಿಸುಗುಟ್ಟಿದರು, ಆಮೇಲೆ ಗಟ್ಟಿಯಾಗಿಯೇ ಕೇಳಿದರು. ಹೆಣ್ಣಿನ ಕಡೆಗೆ ಕಟ್ಟು ಇಲ್ವಾ? ಕಟ್ಟಿನಿಂದ ಹೊರಗೆ ಹಾಕಿದ ಮನೆಯಾ? ಹಾಗಾದರೆ ನಾವು ಹುಡುಗನನ್ನು ಎಬ್ಬಿಸಿಕೊಂಡು ಹೋಗ್ತೇವೆ. ಮುಹೂರ್ತ ಮಧ್ಯಾಹ್ನದ ಒಳಗೆ ಮುಗಿಯುವಂಥದ್ದು. ಒಳಗೆ ನಳಿನಾಕ್ಷಿಗೆ ಹೂ ಮುಡಿಸಿ ಕೂರಿಸಿದ್ದರು. ವಿನಿಫ್ರೆಡ್ ಹೋಗಿ ನೋಡಿ ಬಂದು, ಹುಡುಗಿಯ ಮುಖದಲ್ಲಿ ರಕ್ತ ಇಲ್ಲ ಅಂದಳು.

ಚೆನ್ನಪ್ಪ ತನ್ನ ಅಳಿಯ ತುಕ್ರನನ್ನು ಓಡಿಸಿದ, ಹೋಗಿ ಎಲ್ಲರನ್ನೂ ಎಬ್ಬಿಸಿಕೊಂಡು ಬಾ ಅಂತ. ತುಕ್ರ ಹೋದಷ್ಟೇ ಬೇಗ ತಿರುಗಿ ಬಂದ. ಬರುವುದಿಲ್ಲ ಅಂತಾರೆ, ಹೇಳಿಕೆ ಆಗಲಿಲ್ಲವಂತೆ. ಕಾಗದ ಬಂತಲ್ಲ ಅಂದರೆ, ಅದು ಮೇಸ್ತ್ರಿಯ ಕಾಗದ, ಕೆಳಗೆ ಮೇಸ್ತ್ರಿಯ ಹೆಸರೇ ಉಂಟು, ಕಾರ್ಖಾನೆಯದ್ದು ಎಂತದೋ ಅಂತ ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದೇವೆ ಅಂತಾರೆ. ಆದಿತ್ಯವಾರವೂ ಮೇಸ್ತ್ರಿ ಕರೆದರೆ ಓಡಬೇಕಾ ಅಂತ ಕೇಳ್ತಾರೆ. ಇನ್ನೊಂದು ಮಾತನ್ನು ತುಕ್ರ ನೆಲ ನೋಡಿಕೊಂಡು ಹೇಳಿದ. ಬೋಜಣ್ಣ ಊರಿನ ಎಲ್ಲ ಮಕ್ಕಳ ಮದುವೆಗೆ ಬಂದು ಹೇಳಿದವರು, ಸ್ವಂತ ಮಗಳದ್ದಕ್ಕೆ ನಮ್ಮ ಬಾಗಿಲಿಗೆ ಹೇಳಿಕೆ ಕಳಿಸದೆ ಹೋದರಲ್ಲ ಅಂತ ಹೆಂಗಸರು ಕಣ್ಣೀರು ಹಾಕ್ತಿದ್ದಾರೆ.

ಆ ಮಾತು ಕೇಳಿ ಬೋಜಣ್ಣ ಎದ್ದರು. ಶಾಲನ್ನು ತೆಗೆದು ಮಡಚಿ, ಗಿಂಡಿಯನ್ನು ಅದರ ಮೇಲೆ ಇಟ್ಟು, ಎರಡನ್ನೂ ಚೆನ್ನಪ್ಪನ ಕೈಗೆ ಕೊಟ್ಟರು. “ಮನೆಯವ ನೀನು ಭಾವ. ಧಾರೆ ನೀನು ಎರೆ. ನಾನು ಹೇಳಿಕೆಗೆ ಹೋಗ್ತೇನೆ” ಅಂದರು.

ಆಗ ಚಪ್ಪರದಲ್ಲಿ ಇದ್ದವರಿಗೆಲ್ಲ ಅದರ ಅರ್ಥ ಗೊತ್ತು. ಹೇಳಿಕೆಗೆ ಹೋದವನು ಆ ದಿನಕ್ಕೆ ಆ ಮನೆಯವನಲ್ಲ. ಹೋದ ಮೇಲೆ ಅವನ ಜಾಗ ತಡಮೆ, ಅವನ ಊಟ ಕೊನೆಯ ಪಂಕ್ತಿ. ಅಮ್ಮಣಿಯಕ್ಕ ಓಡಿ ಬಂದು ಅಡ್ಡ ನಿಂತರು. ವರ್ಷ ಪೂರ್ತಿ ಗಿಂಡಿ ಗಿಂಡಿ ಅಂತ ಜಪ ಮಾಡಿದ ಮನುಷ್ಯ ನೀವು ಅಂತ ಅತ್ತುಬಿಟ್ಟರು. ಬೋಜಣ್ಣ ಅವರ ತಲೆ ಮುಟ್ಟಿ, ಪಕ್ಕಕ್ಕೆ ಸರಿಸಿ, ಒಳಗಿನಿಂದ ಹಳೆಯ ಬೈರಾಸು ತಂದು ಹೆಗಲಿಗೆ ಹಾಕಿದರು. ವೀಳ್ಯದ ಬುಟ್ಟಿ ಹಿಡಿಯಲಿಕ್ಕೆ ಜನ ಇರಲಿಲ್ಲ. ನಾನೇ ಹಿಡಿದೆ. ಕುತ್ತಿಗೆಯಲ್ಲಿ ಜಪಮಾಲೆ, ಕೈಯಲ್ಲಿ ವೀಳ್ಯದ ಬುಟ್ಟಿ, ನೋಡಿದವರು ಏನಾದರೂ ಅಂದುಕೊಳ್ಳಲಿ.

ಓಣಿಯಲ್ಲಿ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಜನ ಬಾರದೆ ಇದ್ದದ್ದಲ್ಲ ಮಾರಾಯ್ರೆ. ಪ್ರತಿ ಜಗಲಿಯಲ್ಲಿಯೂ ಮನೆಮಂದಿಯೆಲ್ಲ ಮಿಂದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಹೆಂಗಸರು ಮಲ್ಲಿಗೆ ಮುಡಿದು ಕೂತಿದ್ದಾರೆ. ಬೆಳಿಗ್ಗೆಯಿಂದ ಹಾಗೆಯೇ ಕೂತಿದ್ದಾರೆ. ಬಾಗಿಲಿನ ಬದಿ ಬೆಲ್ಲ, ನೀರು ಇಟ್ಟುಕೊಂಡು, ಕೆಮ್ಮುವ ಶಬ್ದಕ್ಕಾಗಿ ಕಾಯುತ್ತಿದ್ದಾರೆ.

ನಾವು ದಾಟಿ ಹೋಗುವಾಗ ಯಾರೂ ಏಳಲಿಲ್ಲ. ಮೊದಲ ವೀಳ್ಯ ಎಲ್ಲಿಗೆ ಅಂತ ಅವರಿಗೆಲ್ಲ ಗೊತ್ತು. ಚಂಪಕ್ಕನೂ ಒಗೆದ ಸೀರೆ ಉಟ್ಟು ಕೂತಿದ್ದರು. ಬೋಜಣ್ಣ ಅಂಗಳದಲ್ಲಿ ನಿಂತು ಕೆಮ್ಮಿದರು, ವೀಳ್ಯ ಇಟ್ಟರು, ನೀರು ಕುಡಿದರು.

“ಇವತ್ತು ಬೋಜನ ಮನೆಯಲ್ಲಿ ಮಗಳ ಧಾರೆ ಉಂಟು. ಮನೆಯವರೆಲ್ಲ ಬಂದು, ಸುಧಾರಿಸಿಕೊಟ್ಟು, ಊಟ ಮಾಡಿ ಹೋಗಬೇಕು.”

ಮುದುಕಿ ಅವರ ಮುಖವನ್ನೇ ನೋಡಿದರು. “ನೀನು ಯಾರು?” ಅಂದರು.

“ಹೇಳಿಕೆಯವ.”

ಬೋಜಣ್ಣ ಎಂತ ಬಿಟ್ಟುಕೊಟ್ಟು ಬಂದಿದ್ದಾರೆ ಅಂತ ಚಂಪಕ್ಕನಿಗೆ ತಿಳಿಯಿತು. ಆಕೆ ಕೋಲು ಊರಿ ಎದ್ದು ನಮ್ಮ ಹಿಂದೆ ನಡೆದರು. ಆಮೇಲೆ ಒಂದೊಂದೇ ಮನೆ. ಅದೇ ಕೆಮ್ಮು, ಅದೇ ವೀಳ್ಯ, ಅದೇ ಮಾತು. ಬೋಜನ ಮನೆಯಲ್ಲಿ, ಬೋಜನ ಮಗಳ, ಅಂತ ಯಾರೋ ಬೇರೆಯವರ ವಿಷಯ ಹೇಳುವ ಹಾಗೆ. ಹೇಳಿಕೆ ಆದವರು ಎದ್ದು ಹಿಂದೆ ಸೇರುತ್ತಾ ಹೋದರು. ಬಿಸಿಲಿಗೆ ಬೋಜಣ್ಣನ ಬೆನ್ನೆಲ್ಲ ಬೆವರು. ಒಂದು ಗುಟುಕು ನೀರಾದರೂ ಕುಡಿಯದೆ ಯಾವ ಮನೆಯನ್ನೂ ದಾಟಲಿಲ್ಲ. ಕೊನೆಯ ಮನೆ ಮುಗಿಯುವಾಗ ಓಣಿ ತುಂಬ ಜನ, ಮಲ್ಲಿಗೆಯ ವಾಸನೆ ನನ್ನ ಮೂಗಿಗೆ ಕಟ್ಟಿಹೋಗಿತ್ತು.

ಚಪ್ಪರ ತುಂಬಿತು. ಚಾಪೆ ಸಾಲದೆ ಜನ ನಿಂತರು. ಉಳ್ಳಾಲದವರ ಬಾಯಿ ಮುಚ್ಚಿತು. ಬೋಜಣ್ಣ ತಡಮೆಯ ಹತ್ತಿರ ನಿಂತು ಎಲ್ಲರಿಗೂ ಕೈ ಮುಗಿದು ಒಳಗೆ ಬಿಟ್ಟು, ತಾನು ಅಲ್ಲೇ ಉಳಿದರು. ನಾನೂ ಬುಟ್ಟಿ ಹಿಡಿದು ಅವರ ಹತ್ತಿರವೇ ನಿಂತೆ. ಅಲ್ಲಿಂದ ಕಾಣುವುದು ಜನರ ಬೆನ್ನು ಮಾತ್ರ. ಈಗ ಹುಡುಗಿಯನ್ನು ಕರ್ಕೊಂಡು ಬಂದಿರಬೇಕು ಅಂದರು. ಈಗ ಕೈ ಸೇರಿಸಿರಬೇಕು ಅಂದರು. ಆ ಧ್ವನಿ ಕೇಳಲಿಕ್ಕೆ ಆಗುತ್ತಿರಲಿಲ್ಲ ನನಗೆ.

ಒಳಗೆ ಚೆನ್ನಪ್ಪ ಕೇಳಿದ್ದು ನಮಗೂ ಕೇಳಿತು. “ಹತ್ತು ಸಮಸ್ತರೇ, ಧಾರೆ ಎರೆಯಲಿಕ್ಕೆ ಅಪ್ಪಣೆ ಉಂಟಾ?”

ಜನರೆಲ್ಲ ಚಂಪಕ್ಕನ ಕಡೆ ತಿರುಗಿದ್ದು ಬೆನ್ನುಗಳಿಂದಲೇ ಗೊತ್ತಾಯಿತು. ಆ ಮುದುಕಿಯ ಧ್ವನಿ ಗಟ್ಟಿಯಾಗಿಯೇ ಇತ್ತು. “ಅಪ್ಪಣೆ ಕೊಡ್ಲಿಕ್ಕೆ ಆಗುವುದಿಲ್ಲ. ಒಂದು ಮನೆಗೆ ಇನ್ನೂ ಹೇಳಿಕೆ ಆಗಲಿಲ್ಲ.”

ಬೋಜಣ್ಣನಿಗೆ ಜೀವ ಹೋದ ಹಾಗಾಯಿತು. ಯಾವ ಮನೆ ಬಿಟ್ಟೆ, ಯಾವ ಮನೆ ಬಿಟ್ಟೆ ಪೊರ್ಬುಗಳೇ ಅಂತ ನನ್ನ ಕೈ ಹಿಡಿದು ಕೇಳಿದರು. ಬೆರಳು ಮಡಚಿ ಮಡಚಿ ಸಾಲು ನೆನಪು ಮಾಡಿಕೊಳ್ಳಲಿಕ್ಕೆ ಹೊರಟರು. ಅಷ್ಟರಲ್ಲಿ ಜನ ಎರಡು ಕಡೆಗೆ ಸರಿದು ದಾರಿ ಮಾಡಿದರು. ಚಂಪಕ್ಕ ಕೋಲು ಊರಿಕೊಂಡು ತಡಮೆಯವರೆಗೆ ನಡೆದು ಬಂದರು. ಬಂದು ಒಂದು ಸಲ ಕೆಮ್ಮಿದರು. ನನ್ನ ಬುಟ್ಟಿಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ತಡಮೆಯ ಕಲ್ಲಿನ ಮೇಲೆ ಇಟ್ಟರು.

“ಬೋಜಾ,” ಅಂದರು, “ನಳಿನಾಕ್ಷಿಯ ಧಾರೆ ಉಂಟು. ನಿನ್ನ ಮನೆಯವರೆಲ್ಲ ಬಂದು, ಸುಧಾರಿಸಿಕೊಟ್ಟು, ಊಟ ಮಾಡಿ ಹೋಗಬೇಕು.”

ಅಷ್ಟು ಕಾಲ ಊರಿಗೆಲ್ಲ ಹೇಳಿದ ಮನುಷ್ಯನಿಗೆ ಹೇಳಿಕೆ ಬಂದದ್ದು ಅದೇ ಮೊದಲು. ಹೇಳಿಕೆ ಬಂದಾಗ ಮನೆಯವರು ನೀರು ಕೊಡಬೇಕಲ್ಲ, ಬೋಜಣ್ಣ ಅದಕ್ಕೆ ಸುತ್ತ ಹುಡುಕಿದರು. ಅಮ್ಮಣಿಯಕ್ಕನೇ ಓಡಿ ಹೋಗಿ ಒಂದು ಲೋಟ ನೀರು, ಬೆಲ್ಲದ ತುಂಡು ತಂದು ಮುದುಕಿಗೆ ಕೊಟ್ಟರು. ಓಡಿ ಬಂದ ರಭಸಕ್ಕೆ ಅರ್ಧ ನೀರು ಚೆಲ್ಲಿತ್ತು. ಚಂಪಕ್ಕ ಉಳಿದದ್ದನ್ನು ಕುಡಿದು, ಬೋಜಣ್ಣನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬುಟ್ಟಿ ಹಿಡಿದು ತಡಮೆಯಲ್ಲಿ ಉಳಿದವ ನಾನೊಬ್ಬನೇ.

ಗಿಂಡಿಯನ್ನು ಚೆನ್ನಪ್ಪ ವಾಪಸು ಕೊಡಲಿಕ್ಕೆ ಬಂದನಂತೆ. ಬೋಜಣ್ಣ ತೆಗೆದುಕೊಳ್ಳಲಿಲ್ಲ. ಹೇಳಿಕೆಗೆ ಹೋದವ ಮನೆಯವನಲ್ಲ, ಕ್ರಮ ಕ್ರಮವೇ. ಚಂಪಕ್ಕ ಅಪ್ಪಣೆ ಉಂಟು ಅಂದ ಮೇಲೆ ಮೊದಲು ಚೆನ್ನಪ್ಪ ಎರೆದ. ಆಮೇಲೆ ಬಂದ ನೆಂಟರು ಒಬ್ಬೊಬ್ಬರಾಗಿ ಹಾಲು ಎರೆಯುವಾಗ ಆ ಸಾಲಿನಲ್ಲಿ ಬೋಜಣ್ಣನೂ ಹೋಗಿ, ಕರೆಸಿಕೊಂಡ ನೆಂಟನಾಗಿ, ಮಗಳ ಕಪ್ಪಾದ ಬೆರಳಿನ ಮೇಲೆ ಹಾಲು ಎರೆದರು. ಕೈ ನಡುಗಲಿಲ್ಲ, ಒಂದು ಹನಿ ಹೊರಗೆ ಬೀಳಲಿಲ್ಲ ಅಂತ ವಿನಿಫ್ರೆಡ್ ಇವತ್ತಿಗೂ ಹೇಳ್ತಾಳೆ. ನಾನು ನೋಡಲಿಲ್ಲ. ನಾನು ತಡಮೆಯಲ್ಲಿದ್ದೆ, ವಾದ್ಯದ ಶಬ್ದ ಕೇಳಿ ಲೆಕ್ಕ ಹಾಕುತ್ತಾ.

ಊಟಕ್ಕೆ ಎಲೆ ಹಾಕಿದಾಗ ಬೋಜಣ್ಣನನ್ನೂ ಅಮ್ಮಣಿಯಕ್ಕನನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಬಡಿಸಲಿಕ್ಕೆ ನಿಂತವನು ಚೆನ್ನಪ್ಪ ಮೇಸ್ತ್ರಿ. ನಾನು ಉಂಡದ್ದು ಕೊನೆಯ ಪಂಕ್ತಿಯಲ್ಲಿ. ಅಷ್ಟು ಹೊತ್ತಿಗೆ ಪಾಯಸ ಮುಗಿದಿತ್ತು.